ನೃಪತುಂಗ ಬೆಟ್ಟ ಹತ್ತಿದ ಕಾಲು, ಲೇಹ್‌ನ ಗಾಳಿ

ಲಡಾಖಿನ ಮಾರ್ಖಾ ಕಣಿವೆಯ ಚಾರಣಕ್ಕೆ ಹೆಸರು ಕೊಟ್ಟ ಹುಬ್ಬಳ್ಳಿ-ಧಾರವಾಡದವರ ತಯಾರಿ ಬಹುಮಟ್ಟಿಗೆ ಒಂದೇ ತೆರನದು: ನಸುಕಿನಲ್ಲಿ ನೃಪತುಂಗ ಬೆಟ್ಟ, ರವಿವಾರ ಬಂತೆಂದರೆ ಕಪ್ಪತಗುಡ್ಡದ ಕಡೆ ನಡಿಗೆ, ಬೆನ್ನಿಗೆ ಭಾರದ ಚೀಲ. ಕಾಲಿಗೆ, ಮಂಡಿಗೆ ಇದು ಒಳ್ಳೆಯದೇ. ಎತ್ತರದ ಜಾಗದಲ್ಲಿ ಆಮ್ಲಜನಕ ಸಾಲದೆ ಬರುವ ಎತ್ತರದ ಬೇನೆಗೆ ಮಾತ್ರ ಇದರಿಂದ ಏನೂ ಉಪಯೋಗವಿಲ್ಲ. ಗಟ್ಟಿಮುಟ್ಟಾದವರಿಗೆ ಒಂದು ಅಪಾಯ ಹೆಚ್ಚೇ ಇದೆ ಎನ್ನಬೇಕು: ದಣಿವೇ ಗೊತ್ತಾಗದೆ ಮೊದಲ ದಿನವೇ ಊರೆಲ್ಲ ಸುತ್ತಿಬಿಡುತ್ತಾರೆ.

ಹುಬ್ಬಳ್ಳಿ ಇರುವುದು ಸುಮಾರು 670 ಮೀಟರ್ ಎತ್ತರದಲ್ಲಿ, ಲೇಹ್ ಸುಮಾರು 3500 ಮೀಟರ್ ಎತ್ತರದಲ್ಲಿ. ಎರಡೂ ಕಡೆ ಗಾಳಿಯಲ್ಲಿ ಆಮ್ಲಜನಕದ ಪಾಲು ನೂರಕ್ಕೆ 21 ಇದ್ದೇ ಇರುತ್ತದೆ. ಕಡಿಮೆಯಾಗುವುದು ಗಾಳಿಯ ಒತ್ತಡ. ಹುಬ್ಬಳ್ಳಿಯಲ್ಲಿ ಎಳೆದುಕೊಳ್ಳುವ ಒಂದು ಉಸಿರಿಗೆ ಹೋಲಿಸಿದರೆ ಲೇಹ್‌ನ ಉಸಿರಿನಲ್ಲಿ ಆಮ್ಲಜನಕ ಶೇ. 30ರಷ್ಟು ಕಡಿಮೆ. ಅಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ.

ಈ ಕೊರತೆ ಗೊತ್ತಾದ ಕೂಡಲೇ ದೇಹ ಉಸಿರಾಟದ ವೇಗ ಹೆಚ್ಚಿಸುತ್ತದೆ. ಅಲ್ಲೇ ಒಂದು ತೊಡಕು. ಜೋರಾಗಿ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಕೂಡ ಹೆಚ್ಚು ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಇದನ್ನು ಕಂಡ ಮಿದುಳು ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ರಾತ್ರಿ ಮಲಗಿದಾಗ ಉಸಿರು ಕೆಲ ಸೆಕೆಂಡು ನಿಂತು, ಆಮೇಲೆ ಗಬಕ್ಕನೆ ಎಳೆದುಕೊಂಡು ಎಚ್ಚರವಾಗುವುದು ಈ ಜಗ್ಗಾಟದಿಂದಲೇ. ಇದಕ್ಕೆ ಹೆದರಬೇಕಿಲ್ಲ. ಮೂತ್ರಪಿಂಡಗಳು ಹೆಚ್ಚಾದ ಬೈಕಾರ್ಬೊನೇಟನ್ನು, ಅಂದರೆ ರಕ್ತದ ಕ್ಷಾರದ ಅಂಶವನ್ನು, ಮೂತ್ರದ ಮೂಲಕ ಹೊರಹಾಕಿದ ಮೇಲೆ ಕಡಿವಾಣ ಸಡಿಲಾಗುತ್ತದೆ. ಅದಕ್ಕೆ ಎರಡರಿಂದ ನಾಲ್ಕು ದಿನ ಬೇಕು. ಕೆಂಪು ರಕ್ತಕಣಗಳು ಹೆಚ್ಚಾಗುವುದಂತೂ ವಾರಗಟ್ಟಲೆಯ ಕೆಲಸ. ಎಂಟು ದಿನದ ಚಾರಣಿಗರಿಗೆ ಅದರ ಲಾಭ ಅಷ್ಟಕ್ಕಷ್ಟೆ. ಅಂದರೆ ಲೇಹ್‌ನಲ್ಲಿ ಕಳೆಯುವ ಮೊದಲ ಮೂರು ದಿನ ಚಾರಣದ ಲೆಕ್ಕಕ್ಕೇ ಸೇರಬೇಕು. ರಜೆ ಉಳಿಸಲು ಅದನ್ನೇ ಕತ್ತರಿಸುವವರು ಬಹಳ.

ದೆಹಲಿಯಿಂದ ವಿಮಾನ ಇಳಿದಾಗ ಏನೂ ಆಗಿರುವುದಿಲ್ಲ, ಮೋಸ ಇರುವುದೇ ಇಲ್ಲಿ. ತಲೆನೋವು ಶುರುವಾಗುವುದು ಸಾಮಾನ್ಯವಾಗಿ 6ರಿಂದ 12 ತಾಸಿನ ಮೇಲೆ. ಅದರ ಜೊತೆ ಹೊಟ್ಟೆ ತೊಳಸುವುದು, ಊಟ ಸೇರದಿರುವುದು, ಸುಸ್ತು, ಬವಳಿ ಬರುವುದು ಇವುಗಳಲ್ಲಿ ಏನಾದರೂ ಸೇರಿದರೆ ಅದು ಎತ್ತರದ ಬೇನೆ. ಪ್ರಯಾಣದ ಆಯಾಸ, ಪಿತ್ತ ಎಂದು ಹಗುರ ಮಾಡಬೇಡಿ.

ಮೊದಲ ದಿನ ಕೋಣೆಯಲ್ಲೇ ಇರಿ. ಶಾಂತಿ ಸ್ತೂಪದ ಐನೂರಕ್ಕೂ ಮಿಕ್ಕಿದ ಮೆಟ್ಟಿಲು ಆ ದಿನದ ಕೆಲಸವಲ್ಲ. ಎರಡನೇ ದಿನ ಪೇಟೆಯಲ್ಲಿ, ಮಾತಾಡುತ್ತಾ ನಡೆದರೂ ಏದುಸಿರು ಬರದಷ್ಟು ನಿಧಾನದ ಓಡಾಟ. ಮೂರನೇ ದಿನ ತಲೆ ಹಗುರವಿದ್ದರೆ ಒಂಬತ್ತು ಅಂತಸ್ತಿನ ಲೇಹ್ ಅರಮನೆ ಹತ್ತಬಹುದು. ಅದಕ್ಕಿಂತ ಜಾಣತನ ಆಲ್ಚಿಯ ಹಳೆಯ ಬೌದ್ಧ ವಿಹಾರಕ್ಕೆ ಹೋಗಿ ಬರುವುದು. ಅದು ಸುಮಾರು 3100 ಮೀಟರ್, ಲೇಹ್‌ಗಿಂತ ಕೆಳಗಿದೆ. ದಾರಿಯಲ್ಲಿ ಸಿಂಧೂ-ಜಂಸ್ಕಾರ್ ಸಂಗಮವೂ ಸಿಗುತ್ತದೆ. ಖಾರ್ದುಂಗ್ ಲಾ (‘ಲಾ’ ಎಂದರೆ ಬೆಟ್ಟ ದಾಟುವ ಕಣಿವೆದಾರಿ; 5359 ಮೀಟರ್) ಎರಡನೇ ದಿನದ ಪಟ್ಟಿಯಲ್ಲಿ ಹಾಕಿಕೊಟ್ಟ ಪ್ಯಾಕೇಜ್ ಇದ್ದರೆ ದಿನ ಬದಲಿಸಲು ಹೇಳಿ.

ಹಗಲು ಎಷ್ಟು ಎತ್ತರ ಹತ್ತಿದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗುತ್ತೀರಿ ಎನ್ನುವುದು ಮುಖ್ಯ. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು; ಮೂರ್ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ತಂಗಬೇಕು. ಲೇಹ್‌ನಿಂದ ನೇರ ಪ್ಯಾಂಗಾಂಗ್ ಸರೋವರದ ದಂಡೆಗೆ ಹೋಗಿ ಮಲಗಿದರೆ ಒಂದೇ ಏಟಿಗೆ 700 ಮೀಟರ್ ಏರಿದಂತೆ. ರಸ್ತೆಯಲ್ಲಿ ಹೋಗುವವರಿಗೂ ಇದೇ ಲೆಕ್ಕ. ಶ್ರೀನಗರ, ಕಾರ್ಗಿಲ್‌ನಲ್ಲಿ ತಂಗುತ್ತಾ ಹೋಗುವ ದಾರಿ ಮೆತ್ತಗೆ ಏರುತ್ತದೆ. ಮನಾಲಿ ದಾರಿಯಲ್ಲಿ ಸರ್ಚುವಿನ ಡೇರೆ ಲೇಹ್‌ಗಿಂತಲೂ ಸುಮಾರು 800 ಮೀಟರ್ ಮೇಲಿದೆ. ಎಷ್ಟೋ ಮಂದಿಗೆ ಅದೇ ಕೆಟ್ಟ ರಾತ್ರಿ. ಜವಾನರನ್ನು ಎತ್ತರಕ್ಕೆ ಒಗ್ಗಿಸುವ ನಮ್ಮ ಸೇನೆಯ ಪದ್ಧತಿ ನೋಡಿ: ಮೊದಲ ಹಂತಕ್ಕೇ ಆರು ದಿನ, ಅದರಲ್ಲಿ ಮೊದಲೆರಡು ದಿನ ಪೂರ್ತಿ ವಿಶ್ರಾಂತಿ. ಇಪ್ಪತ್ತರ ಹರೆಯದ ಜವಾನರಿಗೂ ರಿಯಾಯಿತಿ ಇಲ್ಲ.

ಔಷಧದಲ್ಲಿ ಮುಖ್ಯವಾದದ್ದು ಅಸೆಟಾಜೋಲಮೈಡ್, ಅಂಗಡಿಯಲ್ಲಿ ಡಯಾಮಾಕ್ಸ್ ಎಂದರೆ ಗೊತ್ತಾಗುತ್ತದೆ. ಬೈಕಾರ್ಬೊನೇಟ್ ಹೊರಹಾಕುವ ಕೆಲಸವನ್ನೇ ಇದು ಚುರುಕುಗೊಳಿಸುತ್ತದೆ. ದೊಡ್ಡವರಿಗೆ ತಡೆಗಟ್ಟಲು 125 ಮಿಲಿಗ್ರಾಂ, ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ. 250ರ ಗುಳಿಗೆ ಸಿಕ್ಕರೆ ಅರ್ಧ ಮಾಡಿ. ಬೆರಳು ಜುಮುಗುಡುತ್ತದೆ, ಮೂತ್ರ ಹೆಚ್ಚುತ್ತದೆ, ಸೋಡಾ ಕುಡಿದರೆ ಸಪ್ಪೆ. ವೈದ್ಯರನ್ನು ಕೇಳಿ ಊರಲ್ಲೇ ಒಂದೆರಡು ದಿನ ನುಂಗಿ ನೋಡುವುದು ಒಳ್ಳೆಯದು. ಸಲ್ಫಾ ಔಷಧದ ಅಲರ್ಜಿ ಇರುವವರು ಅದನ್ನು ಮೊದಲೇ ಹೇಳಬೇಕು. ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು. ನಿದ್ದೆ ಗುಳಿಗೆ, ಮದ್ಯ ಬೇಡ, ಎರಡೂ ಉಸಿರಾಟವನ್ನು ಮತ್ತಷ್ಟು ಮಂದ ಮಾಡುತ್ತವೆ. ಚಹಾ ಬಿಡಬೇಡಿ, ದಿನಕ್ಕೆ ನಾಲ್ಕು ಸಲ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಅದರದೇ ತಲೆನೋವು ಬಂದು ಎರಡೂ ಕಲಸಿಹೋಗುತ್ತವೆ. ನೀರು ಮೂತ್ರ ತಿಳಿಯಾಗುವಷ್ಟು ಸಾಕು, ಅತಿಯಾದರೆ ರಕ್ತದ ಸೋಡಿಯಂ ಇಳಿಯುತ್ತದೆ. ಹಸಿವಿಲ್ಲದಾಗ ಚೀಲದಲ್ಲಿರುವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಾಯಿಗೆ ಹಿಡಿಸುತ್ತವೆ.

ಕರ್ಪೂರ ಮೂಸಿದರೆ ಸಾಕು ಎನ್ನುವವರಿದ್ದಾರೆ. ಅದರಿಂದ ರಕ್ತಕ್ಕೆ ಆಮ್ಲಜನಕ ಸೇರುವುದಿಲ್ಲ, ಮೂಗು ತಂಪಾಗುತ್ತದೆ ಅಷ್ಟೆ; ಮಕ್ಕಳು ನುಂಗಿದರೆ ವಿಷ. ಹತ್ತು ಲೀಟರಿನ ಆಮ್ಲಜನಕದ ಡಬ್ಬಿ ನಿಮಿಷಕ್ಕೆ ಎರಡು ಲೀಟರಿನಂತೆ ಐದೇ ನಿಮಿಷಕ್ಕೆ ಖಾಲಿ. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಲೇಹ್‌ನಲ್ಲಿ ಮೊದಲ ದಿನ ಶೇ. 85-90 ತೋರಿಸಿದರೆ ಗಾಬರಿ ಬೇಡ. ಬೆರಳು ತಣ್ಣಗಿದ್ದರೆ ಅದು ಸುಳ್ಳೂ ಹೇಳುತ್ತದೆ, ಅಂಗೈ ತಿಕ್ಕಿ ಬೆಚ್ಚಗೆ ಮಾಡಿ ನೋಡಿ.

ನಿಜವಾಗಿ ಹೆದರಬೇಕಾದವು ಎರಡು. ಶ್ವಾಸಕೋಶದಲ್ಲಿ ನೀರು ತುಂಬುವುದು ಮೊದಲನೆಯದು: ಕೂತಲ್ಲೇ ದಮ್ಮು, ಒಣ ಕೆಮ್ಮು, ಆಮೇಲೆ ಗುಲಾಬಿ ಬಣ್ಣದ ನೊರೆ. ಹೆಚ್ಚಾಗಿ ಎರಡನೇ ರಾತ್ರಿ ಶುರುವಾಗುತ್ತದೆ, ತಲೆನೋವು ಇಲ್ಲದೆಯೂ ಬರಬಹುದು. 1962ರ ಯುದ್ಧದ ಹೊತ್ತಿಗೆ ಬಯಲುಸೀಮೆಯಿಂದ ನೇರ ಮೇಲೇರಿದ ಭಾರತೀಯ ಸೈನಿಕರಲ್ಲಿ ಕಂಡ ಪ್ರಕರಣಗಳನ್ನು ನಮ್ಮ ಸೇನಾ ವೈದ್ಯರು ದಾಖಲಿಸಿದ್ದರಿಂದಲೇ ಜಗತ್ತಿಗೆ ಈ ಕಾಯಿಲೆಯ ಬಗ್ಗೆ ಬಹಳಷ್ಟು ತಿಳಿಯಿತು. ಎರಡನೆಯದು ಮಿದುಳಿನ ಊತ. ಇದಕ್ಕೆ ಸುಲಭ ಪರೀಕ್ಷೆ: ಹಿಮ್ಮಡಿಗೆ ಬೆರಳು ತಾಗುವಂತೆ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಸಿ. ತೂರಾಡಿದರೆ, ಮಾತು ತೊದಲಿದರೆ ಬೆಳಗಾಗಲಿ ಎಂದು ಕಾಯಬಾರದು.

ಇವೆರಡಕ್ಕೂ ಮದ್ದು ಇಳಿಯುವುದು, 300ರಿಂದ 1000 ಮೀಟರ್. ಮಾರ್ಖಾ ದಾರಿಯಲ್ಲಿ ಸುಮಾರು 4700 ಮೀಟರ್ ಎತ್ತರದ ನಿಮಾಲಿಂಗ್‌ನಲ್ಲಿ ಹೀಗಾದರೆ ರಾತ್ರಿಯಾದರೂ ಕೆಳಗಿನ ಹಳ್ಳಿಯ ಕಡೆ ತಿರುಗಿ. ಮುಂದೆ ಸುಮಾರು 5200 ಮೀಟರಿನ ಕೊಂಗ್ಮಾರು ಲಾ ದಾಟಿದರೆ ಗಾಡಿ ಸಿಗುತ್ತದೆಂಬ ಆಸೆಗೆ ಬೀಳಬೇಡಿ. ಲೇಹ್ ಊರಲ್ಲೇ ಆದರೆ ಲೆಕ್ಕ ಬೇರೆ. ಅಲ್ಲಿಂದ ಸಿಂಧೂ ನದಿ ಗುಂಟ ಖಲ್ತ್ಸೆವರೆಗೆ ಹೋದರೂ ಸಿಗುವ ಇಳಿತ ಸುಮಾರು 500 ಮೀಟರ್, ಅದರಾಚೆ ಮತ್ತೆ 4108 ಮೀಟರಿನ ಫೋಟು ಲಾ ಏರಬೇಕು. ಹಾಗಾಗಿ ಮೊದಲು ಆಸ್ಪತ್ರೆಯ ಆಮ್ಲಜನಕ, ಆಮೇಲೆ ವೈದ್ಯರು ಒಪ್ಪಿದರೆ ಬೆಳಗಿನ ವಿಮಾನ. ಉಳಿದುಕೊಂಡ ಜಾಗದಿಂದ ಲೇಹ್ ಊರಿನ ಸರ್ಕಾರಿ ಎಸ್‌ಎನ್‌ಎಂ ಆಸ್ಪತ್ರೆ ಎಷ್ಟು ದೂರ, ನಡುರಾತ್ರಿ ಟ್ಯಾಕ್ಸಿಗೆ ಯಾರನ್ನು ಕರೆಯಬೇಕು ಎಂಬುದನ್ನು ಇಳಿದ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.