ಅಪ್ಪನಿಗೆ ಲಕ್ವಾ, ಮಗನಿಗೆ ಹೃದಯಾಘಾತ

"ಮನೆಯಲ್ಲಿ ಯಾರಿಗಾದರೂ ಹಾರ್ಟ್ ತೊಂದರೆ ಇತ್ತಾ?" ಎಂದು ಡಾಕ್ಟರು ಕೇಳಿದರೆ ಎಷ್ಟೋ ಜನ ಇಲ್ಲ ಎಂದುಬಿಡುತ್ತಾರೆ. ಅಪ್ಪನಿಗೆ ಲಕ್ವಾ ಹೊಡೆದಿದ್ದನ್ನು ಹೇಳುವುದೇ ಇಲ್ಲ. ಅದು ಮಿದುಳಿನ ಕಾಯಿಲೆ, ಇದು ಹೃದಯದ್ದು, ಅದಕ್ಕೂ ಇದಕ್ಕೂ ಏನು ಸಂಬಂಧ ಅನ್ನಿಸುವುದು ಸಹಜ. ಆದರೆ ಸಂಬಂಧ ಇದೆ, ಅದೂ ಜೀನ್‌ಗಳ ಮಟ್ಟದಲ್ಲೇ.

ಹೃದಯಾಘಾತದಲ್ಲಿ ಸಾಮಾನ್ಯವಾಗಿ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಮುಚ್ಚಿಕೊಳ್ಳುತ್ತದೆ. ಲಕ್ವಾ ತರುವ ಸ್ಟ್ರೋಕ್ ಅಂದರೆ ಹೆಚ್ಚಿನ ಸಲ ಮಿದುಳಿನ ನಾಳ ಮುಚ್ಚಿಕೊಂಡಿರುತ್ತದೆ, ಕೆಲವೊಮ್ಮೆ ಒಡೆದಿರುತ್ತದೆ. ಎರಡರಲ್ಲೂ ಪೆಟ್ಟು ಬಿದ್ದಿರುವುದು ರಕ್ತನಾಳಕ್ಕೆ. ಹಾಗಾಗಿ ನಾಳವನ್ನು ಕೆಡಿಸುವ ಜೀನ್‌ಗೆ ಹೃದಯ, ಮಿದುಳು ಎಂಬ ಭೇದ ಇರುವುದಿಲ್ಲ.

2007ರಲ್ಲಿ ಬೇರೆ ಬೇರೆ ದೇಶಗಳ ತಂಡಗಳು ಹೃದಯಾಘಾತದ ಜೀನ್‌ಗಳನ್ನು ಹುಡುಕುತ್ತಾ ಒಂದೇ ಜಾಗಕ್ಕೆ ಬಂದು ನಿಂತವು. ಒಂಬತ್ತನೇ ಕ್ರೋಮೋಸೋಮಿನ ಆ ತುಣುಕಿಗೆ 9ಪಿ21 ಎಂದು ಹೆಸರು. ವಿಚಿತ್ರವೆಂದರೆ, ಅಪಾಯಕ್ಕೆ ತಳುಕು ಹಾಕಿಕೊಂಡ ಆ ಭಾಗದಲ್ಲಿ ಪ್ರೋಟೀನ್ ತಯಾರಿಸುವ ಜೀನ್ ಒಂದೂ ಇರಲಿಲ್ಲ. ಕೊಲೆಸ್ಟ್ರಾಲ್, ಬಿಪಿ, ಸಕ್ಕರೆ ಯಾವುದರ ಮೂಲಕವೂ ಅದು ಕೆಲಸ ಮಾಡುವಂತೆ ಕಾಣಲಿಲ್ಲ. ಹಾಗಾದರೆ ಅದು ಮಾಡುವುದೇನು? 2018ರಲ್ಲಿ ಒಂದು ಸೊಗಸಾದ ಪ್ರಯೋಗ ನಡೆಯಿತು. 9ಪಿ21ರ ಅಪಾಯಕಾರಿ ರೂಪ ಇದ್ದವರ ಜೀವಕೋಶಗಳಿಂದ ವಿಜ್ಞಾನಿಗಳು ರಕ್ತನಾಳದ ಗೋಡೆಯ ಸ್ನಾಯುಕೋಶಗಳನ್ನು ಬೆಳೆಸಿದರು. ಆ ಕೋಶಗಳಿಗೆ ಸರಿಯಾಗಿ ಅಂಟಿಕೊಳ್ಳಲೂ ಆಗುತ್ತಿರಲಿಲ್ಲ, ಬಿಗಿಯಾಗಿ ಸಂಕುಚಿಸಲೂ ಆಗುತ್ತಿರಲಿಲ್ಲ. ಆಮೇಲೆ 9ಪಿ21ರ ಆ ತುಣುಕನ್ನೇ ಕತ್ತರಿಸಿ ತೆಗೆದರು. ಕೋಶಗಳು ಹೆಚ್ಚುಕಡಿಮೆ ಮಾಮೂಲಿನಂತಾದವು! ಅಂದರೆ ತೊಂದರೆ ಇದ್ದದ್ದು ನಾಳದ ಗೋಡೆಯಲ್ಲೇ.

ಇದೇ 9ಪಿ21 ದೊಡ್ಡ ರಕ್ತನಾಳಗಳ ತೊಂದರೆಯಿಂದ ಬರುವ ಸ್ಟ್ರೋಕ್ ಜೊತೆಗೂ ಸೇರಿಕೊಂಡಿದೆ. ಮಿದುಳಿನ ನಾಳ ಬಲೂನಿನಂತೆ ಉಬ್ಬುವ ಕಾಯಿಲೆಯಲ್ಲೂ ಇದರ ಕೈವಾಡ ಇದೆ. ಹಾಗಂತ ಎಲ್ಲ ಸ್ಟ್ರೋಕ್‌ಗೂ ಇದನ್ನೇ ದೂರುವಂತಿಲ್ಲ.

ಪಿಟ್ಎಕ್ಸ್2 ಎಂಬ ಇನ್ನೊಂದು ಜೀನ್‌ನ ದಾರಿಯೇ ಬೇರೆ. ಭ್ರೂಣದಲ್ಲಿ ಹೃದಯದ ಎಡ ಯಾವುದು, ಬಲ ಯಾವುದು ಎಂದು ತೀರ್ಮಾನವಾಗುವಾಗ ಕೆಲಸ ಮಾಡುವ ಜೀನ್ ಇದು. ಇದರ ಹತ್ತಿರದ ಡಿಎನ್ಎಯಲ್ಲಿ ಕೆಲವು ವ್ಯತ್ಯಾಸಗಳಿದ್ದರೆ ಮುಂದೆ ಎದೆಬಡಿತ ತಾಳ ತಪ್ಪುವ ಸಂಭವ ಜಾಸ್ತಿ. ತಾಳ ತಪ್ಪಿದ ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋಗಿ ಸಿಕ್ಕಿಕೊಂಡರೆ ಸ್ಟ್ರೋಕ್. ಕಾಯಿಲೆ ಹೃದಯದಲ್ಲಿ, ಪೆಟ್ಟು ಮಿದುಳಿಗೆ.

ಜನ ಇನ್ನೂ ಹೆಚ್ಚು ತಿಳಿದಿರಬೇಕು ಎಂದು ನನಗೆ ಅನ್ನಿಸುವುದು ಲೈಪೋಪ್ರೋಟೀನ್ ಲಿಟಲ್ ಎ ಬಗ್ಗೆ, ಅಂದರೆ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ಸಾಗುವ ಒಂದು ಬಗೆಯ ಕಣದ ಬಗ್ಗೆ. 1963ರಲ್ಲಿ ನಾರ್ವೆಯ ಕೋರೆ ಬೆರ್ಗ್ ಇದನ್ನು ಗುರುತಿಸಿದರು. ರಕ್ತದಲ್ಲಿ ಇದು ಎಷ್ಟಿರಬೇಕು ಎಂಬುದನ್ನು ಬಹುಪಾಲು ಎಲ್‌ಪಿಎ ಎಂಬ ಒಂದೇ ಜೀನ್ ನಿರ್ಧರಿಸುತ್ತದೆ. ಐವರಲ್ಲಿ ಸುಮಾರು ಒಬ್ಬರಿಗೆ ಇದು ಜಾಸ್ತಿ ಇರುತ್ತದೆ. ಜಾಸ್ತಿ ಇದ್ದವರಿಗೆ ಹೃದಯಾಘಾತದ ಭಯವೂ ಹೆಚ್ಚು, ನಾಳ ಮುಚ್ಚಿ ಬರುವ ಸ್ಟ್ರೋಕ್ ಭಯವೂ ಹೆಚ್ಚು. ಮಾಮೂಲಿ ಕೊಲೆಸ್ಟ್ರಾಲ್ ಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ, ಬೇರೆಯಾಗಿಯೇ ನೋಡಿಸಬೇಕು. ಹೆಚ್ಚಿನವರಿಗೆ ಜೀವನದಲ್ಲಿ ಒಂದು ಸಲ ನೋಡಿಸಿದರೆ ಸಾಕು.

ಹೆದರಿಸಲು ಇದನ್ನೆಲ್ಲ ಹೇಳುತ್ತಿಲ್ಲ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಹೃದಯಕಾಯಿಲೆಯ ಅಪಾಯ ಜೀನ್‌ಗಳಲ್ಲೇ ಜಾಸ್ತಿ ಇದ್ದವರನ್ನು ಗಮನಿಸಿತು. ಅವರಲ್ಲಿ ಸಿಗರೇಟು ಸೇದದೆ, ಬೊಜ್ಜು ಬೆಳೆಯಲು ಬಿಡದೆ, ವ್ಯಾಯಾಮ ಮಾಡಿ ಹಿತವಾಗಿ ತಿನ್ನುತ್ತಿದ್ದವರಿಗೆ ಹೃದಯದ ತೊಂದರೆ ಸುಮಾರು ಅರ್ಧದಷ್ಟು ಕಡಿಮೆ ಇತ್ತು.

ಕೆಲವರಿಗೆ ಹುಟ್ಟಿನಿಂದಲೇ ರಕ್ಷಣೆಯೂ ಸಿಕ್ಕಿರುತ್ತದೆ. ಪಿಸಿಎಸ್‌ಕೆ9 ಜೀನ್ ಸರಿಯಾಗಿ ಕೆಲಸ ಮಾಡದವರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಕಡಿಮೆ, ಹೃದಯಕಾಯಿಲೆ ಅಪರೂಪ. ಇದನ್ನು ನೋಡಿಯೇ ಆ ಪ್ರೋಟೀನನ್ನು ತಡೆಯುವ ಔಷಧಿಗಳು ಬಂದವು. ಅವುಗಳಲ್ಲೊಂದನ್ನು 27 ಸಾವಿರಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದ ಫಲಿತಾಂಶ 2017ರಲ್ಲಿ ಹೊರಬಿತ್ತು. ಔಷಧಿ ಪಡೆದವರಲ್ಲಿ ಹೃದಯಾಘಾತ ಶೇ. 27ರಷ್ಟು ಇಳಿದಿತ್ತು, ಸ್ಟ್ರೋಕ್ ಶೇ. 21ರಷ್ಟು.