ಪಾಂಗ್ ಜಲಾಶಯ: ಊರು ಮುಳುಗಿದಲ್ಲಿ ಹಕ್ಕಿ ಬಂದಿಳಿದ ಕಥೆ

ಹಿಮಾಚಲ ಪ್ರದೇಶದ ಕಾಂಗ್ಡಾ ಜಿಲ್ಲೆಯ ಪಾಂಗ್ ಜಲಾಶಯದಲ್ಲಿ ಚಳಿಗಾಲ ಬಂತೆಂದರೆ ಅದೇ ಜಗಳ. ನೀರು ಇಳಿದ ಜಾಗದಲ್ಲಿ ರೈತರು ಗೋಧಿ ಬಿತ್ತುತ್ತಾರೆ. ಇದು ಪಕ್ಷಿಧಾಮ, ಉಳುವ ಹಾಗಿಲ್ಲ ಎನ್ನುತ್ತದೆ ಕಾನೂನು. ಮೇಲ್ನೋಟಕ್ಕೆ ಒತ್ತುವರಿ ತಕರಾರಿನಂತೆ ಕಾಣುತ್ತದೆ. ಆದರೆ ಹಕ್ಕಿಗಳಿಗಿಂತ ಮೊದಲು ಅಲ್ಲಿ ಊರುಗಳಿದ್ದವು.

1960ರ ಸಿಂಧೂ ಒಪ್ಪಂದದಲ್ಲಿ ಬಿಯಾಸ್ ನದಿಯ ನೀರು ಭಾರತದ ಪಾಲಿಗೆ ಬಂತು. ಮರುವರ್ಷವೇ ಪಾಂಗ್‌ನಲ್ಲಿ ಅಣೆಕಟ್ಟಿನ ಕೆಲಸ ಶುರುವಾಗಿ, 1974ರಲ್ಲಿ ಮುಗಿಯಿತು. 133 ಮೀಟರ್ ಎತ್ತರದ ಮಣ್ಣಿನ ಕಟ್ಟೆ. ನೀರು ಹೋಗಬೇಕಿದ್ದದ್ದು ಮುಖ್ಯವಾಗಿ ರಾಜಸ್ಥಾನದ ಮರಳುಗಾಡಿಗೆ. ಮುಳುಗಿದ್ದು ಹಲ್ದೂನ್ ಕಣಿವೆ, ಕಾಂಗ್ಡಾದ ಒಳ್ಳೆಯ ಬೆಳೆ ಭೂಮಿ. 20 ಸಾವಿರಕ್ಕೂ ಜಾಸ್ತಿ ಕುಟುಂಬಗಳು ಎದ್ದು ಹೋಗಬೇಕಾಯಿತು. ಅವರಲ್ಲಿ 16 ಸಾವಿರದಷ್ಟು ಕುಟುಂಬಗಳಿಗೆ ರಾಜಸ್ಥಾನದ ಶ್ರೀಗಂಗಾನಗರ ಕಡೆ, ಅದೇ ನೀರು ಹರಿಯುವ ಕಾಲುವೆಯ ಸೀಮೆಯಲ್ಲಿ ಜಮೀನು ಕೊಡುವ ಮಾತಾಗಿತ್ತು. ಎಷ್ಟೋ ಜನಕ್ಕೆ ಸಿಗಲೇ ಇಲ್ಲ. ಸಿಕ್ಕ ಕೆಲವರ ಜಮೀನಲ್ಲಿ ಆಗಲೇ ಬೇರೆಯವರು ಕೂತಿದ್ದರು. ಬೆಟ್ಟದ ತಪ್ಪಲಿನವರು ಆ ಬಿಸಿಲಿಗೆ ಒಗ್ಗುವುದೂ ಸುಲಭವಿರಲಿಲ್ಲ. ವಿವಾದ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, 1996ರಲ್ಲಿ ಕೋರ್ಟ್ ಇದಕ್ಕೊಂದು ಉನ್ನತ ಸಮಿತಿ ಮಾಡಿಸಿತು.

ಈ ಯೋಜನೆಯಲ್ಲಿ ಹಕ್ಕಿಗಳ ಲೆಕ್ಕವೇ ಇರಲಿಲ್ಲ. ಅವು ತಾವಾಗಿಯೇ ಬಂದವು. ಮಳೆಗಾಲದಲ್ಲಿ ಜಲಾಶಯ ತುಂಬುತ್ತದೆ. ಆಮೇಲೆ ಹಿಂಗಾರು ಬೆಳೆಗೆ ನೀರು ಬಿಡುತ್ತಾ ಹೋದಂತೆ ಅಂಚು ಹಿಂದೆ ಸರಿಯುತ್ತದೆ. ದಡ ಅಷ್ಟೇನೂ ಕಡಿದಾಗಿಲ್ಲದ ಕಡೆ ನೀರು ಸ್ವಲ್ಪ ಇಳಿದರೂ ಸಾಕು, ಎಕರೆಗಟ್ಟಲೆ ಹಸಿ ಕೆಸರು ಮೇಲೇಳುತ್ತದೆ, ಅದರ ಮೇಲೆ ಎಳೆ ಹುಲ್ಲು ಚಿಗುರುತ್ತದೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತಿಗೆ ಇನ್ನೇನು ಬೇಕು? ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟಿ, ಹಳದಿ ಕೊಕ್ಕು. ಇದು ನೀರಲ್ಲಿ ಮುಳುಗಿ ಮೀನು ಹಿಡಿಯುವ ಹಕ್ಕಿಯಲ್ಲ, ಕುರಿಯ ಹಾಗೆ ಗುಂಪಲ್ಲಿ ಮೇಯುವ ಹಕ್ಕಿ. ಗರಿಕೆಯೋ ಗೋಧಿ ಪೈರೋ, ಎಳೆಯದಾದರೆ ಸರಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವುದೂ ಇದೇ ಜಾತಿ. ಅಲ್ಲೂ ಅವು ಹಗಲು ಕೆರೆಯಲ್ಲಿದ್ದು, ಕತ್ತಲಾದ ಮೇಲೆ ಹೊಲಗಳಿಗೆ ಇಳಿಯುತ್ತವೆ. ಪಾಂಗ್‌ನಲ್ಲಿ ಇವುಗಳ ಜತೆ ಸೂಜಿಬಾಲದ ಬಾತು, ನಾಮದ ಕೋಳಿ ಎಲ್ಲ ಸೇರಿ ಒಳ್ಳೆಯ ವರ್ಷಗಳಲ್ಲಿ ಲಕ್ಷ ದಾಟುತ್ತವೆ.

1983ರಲ್ಲಿ ಜಲಾಶಯ ಪಕ್ಷಿಧಾಮವಾಯಿತು, 2002ರಲ್ಲಿ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿತು. ಮೀನುಗಾರಿಕೆಗೆ ಪರವಾನಗಿ ಇದೆ, ಬೇಸಾಯಕ್ಕೆ ಇಲ್ಲ. ಆದರೂ ಬಿತ್ತನೆ ನಿಂತಿಲ್ಲ. ಗೊಬ್ಬರ, ಕೀಟನಾಶಕ, ಕೊಯ್ಲಾದ ಮೇಲೆ ಕೂಳೆಗೆ ಇಡುವ ಬೆಂಕಿ, ಇವೆಲ್ಲ ಹಕ್ಕಿಗೆ ಕೆಡುಕೇ, ಅದರಲ್ಲಿ ಅನುಮಾನವಿಲ್ಲ. ಟ್ರ್ಯಾಕ್ಟರ್ ತಂದು ದೊಡ್ಡ ದೊಡ್ಡ ತುಂಡು ಉಳುವ ಬಲಾಢ್ಯರಿದ್ದಾರೆ ಎಂಬ ದೂರೂ ಇದೆ. ಅವರನ್ನೂ ನೆಲ ಕಳೆದುಕೊಂಡವರನ್ನೂ ಒಟ್ಟಿಗೆ ಸೇರಿಸಿ ಸುಮ್ನೆ ‘ಅತಿಕ್ರಮಣಕಾರರು’ ಅನ್ನೋದು ನನಗಂತೂ ಸರಿ ಕಾಣುವುದಿಲ್ಲ.

2020ರ ಡಿಸೆಂಬರ್ ಕೊನೆಗೆ ಹೆಬ್ಬಾತುಗಳು ಸಾಲುಸಾಲಾಗಿ ಸತ್ತು ಬಿದ್ದವು. ಭೋಪಾಲ್‌ನ ಪ್ರಯೋಗಾಲಯ ಹಕ್ಕಿಜ್ವರ ಎಂದು ಖಚಿತಪಡಿಸಿತು. ಸತ್ತವು ಐದು ಸಾವಿರದ ಹತ್ತಿರ, ಹೆಚ್ಚಿನವು ಪಟ್ಟೆತಲೆಗಳೇ. ಸುತ್ತಲಿನ ತಾಲ್ಲೂಕುಗಳಲ್ಲಿ ಕೋಳಿ, ಮೊಟ್ಟೆ, ಮೀನು ಮಾರಾಟ ನಿಂತಿತು. ಹಕ್ಕಿಯ ರೋಗದ ಬಿಸಿ ಮೀನು ಹಿಡಿದು ಬದುಕುವವರಿಗೂ ತಟ್ಟಿತು. ಮುಂದಿನ ಚಳಿಗಾಲ ಹಕ್ಕಿಗಳು ಮತ್ತೆ ಬಂದವು. ಬಿತ್ತನೆಯೂ ಮತ್ತೆ ನಡೆಯಿತು.

ರಾಜಸ್ಥಾನದಲ್ಲಿ ಜಮೀನು ಸಿಗದ ಕುಟುಂಬಗಳ ಬೇಡಿಕೆ ಈಗ ಬೇರೆಯಾಗಿದೆ. ಆ ಜಮೀನು ಕೊಡಿ, ಕೊಡುವವರೆಗೆ ನೀರು ಇಳಿದಾಗ ನಮ್ಮ ಹಳೇ ಹೊಲದಲ್ಲಿ ಒಂದು ಬೆಳೆ ತೆಗೆಯಲು ಬಿಡಿ ಎನ್ನುತ್ತಾರೆ.