ಫಿಲ್ಟರ್ ಡಬ್ಬಿ ಬಿಚ್ಚುವ ಮೊದಲು ಗಾಳಿಯ ತೂಕ ನೋಡಿ

ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು ಹನ್ನೊಂದು ಕಿಲೋ ಗಾಳಿ ಬೇಕು. ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋಕ್ಕಿಂತ ಒಂಚೂರು ಕಡಿಮೆ. ಅದರ 14.7 ಪಟ್ಟು ತೂಕದ ಗಾಳಿ ಸಿಕ್ಕರೆ ಲೆಕ್ಕ ಸರಿಹೋಗುತ್ತದೆ. ಹನ್ನೊಂದು ಕಿಲೋ ಗಾಳಿ ಅಂದರೆ ಬೆಳಗಾವಿಯ ಹವೆಯಲ್ಲಿ ಹತ್ತು ಸಾವಿರ ಲೀಟರ್. ಸಣ್ಣ ಕಾರಿನ 35 ಲೀಟರ್ ಟ್ಯಾಂಕ್ ಖಾಲಿ ಆಗುವಷ್ಟರಲ್ಲಿ ಎಂಜಿನ್ ಮೂರೂವರೆ ಲಕ್ಷ ಲೀಟರ್ ಗಾಳಿ ಎಳೆದಿರುತ್ತದೆ!

ಇಷ್ಟೊಂದು ಗಾಳಿ ಒಂದು ಕಾಗದದ ಫಿಲ್ಟರ್ ದಾಟಿ ಹೋಗಬೇಕು ಅಂದಾಗ ಯಾರಿಗಾದರೂ ಅನುಮಾನ ಬರುವುದು ಸಹಜ. ನಮ್ಮ ಕಡೆ ಗ್ಯಾರೇಜುಗಳಲ್ಲಿ ಆ ಅನುಮಾನಕ್ಕೆ ರೆಡಿ ಉತ್ತರವೂ ಇದೆ: 'ಸರ, ಈ ಕಂಪನಿ ಡಬ್ಬಿ ತಗದ ಒಗೀರಿ. ಕೋನ್ ಫಿಲ್ಟರ್ ಹಾಕ್ರಿ. ಗಾಡಿಗೆ ಉಸಿರು ಬರತೈತಿ.' ಪಿಕಪ್ ಜಾಸ್ತಿ ಆಗುತ್ತದೆ, ಅವರೇಜೂ ಜಾಸ್ತಿ ಆಗುತ್ತದೆ ಅಂತ ಹುಡುಗರು ನಂಬಿ ಸಾವಿರಾರು ರೂಪಾಯಿ ಕೊಡುತ್ತಾರೆ. ಬಾನೆಟ್ ಕೆಳಗೆ, ಡಬ್ಬಿಯ ಹೊದಿಕೆ ಇಲ್ಲದೆ, ಶಂಕುವಿನ ಆಕಾರದ ಕೆಂಪು ಕೋನ್ ಕೂರುತ್ತದೆ. ಆಕ್ಸಿಲರೇಟರ್ ತುಳಿದರೆ 'ಹೂಂ' ಅಂತ ಒಳ್ಳೆ ಸದ್ದು. ಆದರೆ ಬಹಳ ಸಲ ಗಾಡಿ ಮೊದಲಿಗಿಂತ ನಿಧಾನ ಆಗಿರುತ್ತದೆ.

ಮೊದಲು ಅವರೇಜಿನ ಮಾತು ಮುಗಿಸಿಬಿಡೋಣ. ಪೆಟ್ರೋಲ್ ಗಾಡಿಯಲ್ಲಿ ನಿಮ್ಮ ಕಾಲು ಹಿಡಿತ ಇಟ್ಟಿರುವುದು ಪೆಟ್ರೋಲಿನ ಮೇಲಲ್ಲ, ಗಾಳಿಯ ಮೇಲೆ. ಆಕ್ಸಿಲರೇಟರ್‌ಗೆ ಜೋಡಿಸಿದ ಥ್ರಾಟಲ್ ತಟ್ಟೆ ಗಾಳಿಯ ದಾರಿಯನ್ನು ತೆರೆದು ಮುಚ್ಚುತ್ತದೆ. ಬಂದ ಗಾಳಿಯ ತೂಕ ನೋಡಿ ಗಾಡಿಯ ಕಂಪ್ಯೂಟರ್ ಪೆಟ್ರೋಲ್ ಹಾಕುತ್ತದೆ. ಸಾವಧಾನವಾಗಿ ಹುಬ್ಬಳ್ಳಿ ಕಡೆ ಹೊರಟಾಗ ಆ ತಟ್ಟೆ ಬಹುಪಾಲು ಮುಚ್ಚಿಯೇ ಇರುತ್ತದೆ. ಗಾಳಿಗೆ ನೀವೇ ದೊಡ್ಡ ಅಡ್ಡಿ ಇಟ್ಟಿರುವಾಗ, ಅದರ ಹಿಂದಿರುವ ಫಿಲ್ಟರಿನ ಸಣ್ಣ ಅಡ್ಡಿ ತೆಗೆದು ಏನು ಉಪಯೋಗ? ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನೇ ಪರೀಕ್ಷಿಸಿತು. ಈಗಿನ ಕಾಲದ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡಿದ್ದರೂ ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಪೂರ್ತಿ ತುಳಿದಾಗಿನ ವೇಗ ಮಾತ್ರ ಕುಗ್ಗಿತು. ಕಂಪ್ಯೂಟರ್ ಇಲ್ಲದೆ ಪೆಟ್ರೋಲ್ ಬೆರೆಸುತ್ತಿದ್ದ ಹಳೆಯ ಕಾರ್ಬುರೇಟರ್ ಗಾಡಿಗಳ ಕತೆ ಬೇರೆ. ಇವತ್ತಿನ ಗ್ಯಾರೇಜ್ ಮಾತಿನಲ್ಲಿ ಅರ್ಧ ಆ ಕಾಲದಿಂದ ಬಂದದ್ದು.

ಹಾಗಾದರೆ ಪೂರ್ತಿ ತುಳಿದಾಗ? ಅಲ್ಲಿ ಫಿಲ್ಟರ್ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ಎಷ್ಟು ಬರುತ್ತದೆ ಅಂತ ಊಹೆ ಮಾಡಬೇಕಿಲ್ಲ, ಅಳೆಯಬಹುದು. ಸ್ಟೇರಿಂಗ್ ಕೆಳಗೆ, ಗಾಡಿಯ ಕಂಪ್ಯೂಟರಿನ ಅಂಕಿ ಓದಲು ಇರುವ ಒಬಿಡಿ ಸಾಕೆಟ್‌ಗೆ ಒಂದು ಅಗ್ಗದ ಬ್ಲೂಟೂತ್ ರೀಡರ್ ಚುಚ್ಚಿದರೆ ಸಾಕು, ಮೊಬೈಲಿನಲ್ಲಿ ಅಂಕಿಗಳು ಬರುತ್ತವೆ. ಕೀಲಿ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಮ್ಯಾನಿಫೋಲ್ಡ್ ಒತ್ತಡ ನೋಡಿ (ಥ್ರಾಟಲ್ ದಾಟಿದ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆಗಳೇ ಮ್ಯಾನಿಫೋಲ್ಡ್). ಅದು ಹೊರಗಿನ ಗಾಳಿಯದೇ ಒತ್ತಡ. ಸಮುದ್ರ ಮಟ್ಟದಲ್ಲಿ ಅದು ಸುಮಾರು 101 ಕಿಲೋಪ್ಯಾಸ್ಕಲ್. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿ 93ರ ಆಸುಪಾಸು. ವಿಜಯಪುರದಲ್ಲಿ 94ರ ಹತ್ತಿರ. ಈಗ ಖಾಲಿ ರಸ್ತೆಯಲ್ಲಿ ಪೂರ್ತಿ ತುಳಿದು, ಪಕ್ಕದಲ್ಲಿ ಕೂತವರಿಗೆ ಅದೇ ಅಂಕಿ ಓದಲು ಹೇಳಿ. 93 ಇದ್ದದ್ದು 91 ತೋರಿಸಿತು ಅಂತ ಇಟ್ಟುಕೊಳ್ಳಿ. ಗ್ರಿಲ್‌ನಿಂದ ಮ್ಯಾನಿಫೋಲ್ಡ್ ತನಕ ಇರುವ ಎಲ್ಲ ಅಡ್ಡಿ ಸೇರಿ ನುಂಗಿದ್ದು ಬರೀ ಎರಡು ಕಿಲೋಪ್ಯಾಸ್ಕಲ್! ಫಿಲ್ಟರ್, ಡಬ್ಬಿ, ಕೊಳವೆ, ಥ್ರಾಟಲ್ ಎಲ್ಲವನ್ನೂ ಮಾಯ ಮಾಡಿದರೂ ಸಿಗುವ ಗಾಳಿ ಶೇಕಡಾ ಎರಡರಷ್ಟು ಜಾಸ್ತಿ. ಅದಕ್ಕಿಂತ ಜಾಸ್ತಿ ಕೊಡುತ್ತೇನೆ ಅನ್ನುವ ಫಿಲ್ಟರ್ ಆ ಗಾಳಿಯನ್ನು ಎಲ್ಲಿಂದ ತರುತ್ತದೆ? ಅದೇ ಗಾಡಿ ಚೋರ್ಲಾ ಘಾಟ್ ಇಳಿದು ಪಣಜಿ ಸೇರಿದರೆ ಶೇಕಡಾ ಎಂಟರಷ್ಟು ಒತ್ತಡ ಪುಕ್ಕಟೆ ಸಿಗುತ್ತದೆ.

ಈಗ ನನಗೆ ತುಂಬ ಇಷ್ಟದ ವಿಷಯ: ಬಿಸಿ. ಗಾಳಿ ಕಾದರೆ ಹಿಗ್ಗುತ್ತದೆ ಅನ್ನುವುದು ಶಾಲೆಯ ಪಾಠ. ಎಷ್ಟು ಹಿಗ್ಗುತ್ತದೆ ಅಂತ ಅಳೆದವರು ಬಲೂನಿನ ಹುಚ್ಚು ಹತ್ತಿದ ಫ್ರೆಂಚರು. ಜಾಕ್ ಚಾರ್ಲ್ಸ್ 1783ರಲ್ಲಿ ಪ್ಯಾರಿಸ್ಸಿನಿಂದ ಹೈಡ್ರೋಜನ್ ಬಲೂನಿನಲ್ಲಿ ಹಾರಿದ. 1787ರ ಸುಮಾರಿಗೆ ಗಾಳಿ ಕಾದಾಗ ಹಿಗ್ಗುವ ರೀತಿ ಕಂಡುಕೊಂಡ, ಆದರೆ ಪ್ರಕಟಿಸಲಿಲ್ಲ. 1802ರಲ್ಲಿ ಗೇ-ಲುಸಾಕ್ ಅದನ್ನು ಕರಾರುವಾಕ್ಕಾಗಿ ಅಳೆದು, ಹಿರಿಯನ ಹೆಸರನ್ನು ಮರೆಯದೆ ಹೇಳಿ, ಪ್ರಕಟಿಸಿದ. ಎರಡು ವರ್ಷ ಬಿಟ್ಟು ತಾನೇ ಬಲೂನ್ ಏರಿ ಸುಮಾರು 7,000 ಮೀಟರ್ ಎತ್ತರಕ್ಕೆ ಹೋಗಿ ಗಾಳಿಯನ್ನು ಬಾಟಲಿಯಲ್ಲಿ ತುಂಬಿ ತಂದ! ನಮ್ಮ ಗ್ಯಾರೇಜಿನ ಪ್ರಶ್ನೆಗೆ ಉತ್ತರ ಇವರ ಲೆಕ್ಕದಲ್ಲಿದೆ.

ಏಪ್ರಿಲ್ ಮಧ್ಯಾಹ್ನ ವಿಜಯಪುರದ ಗಾಳಿ 40 ಡಿಗ್ರಿ. ಬಾನೆಟ್ ಒಳಗೆ, ರೇಡಿಯೇಟರ್ ಹಿಂದೆ, ಅದು 70 ಡಿಗ್ರಿ ಆಗುವುದು ದೊಡ್ಡ ಮಾತಲ್ಲ. ನಿರಪೇಕ್ಷ ಶೂನ್ಯದಿಂದ, ಅಂದರೆ ಮೈನಸ್ 273 ಡಿಗ್ರಿಯಿಂದ, ಎಣಿಸಿದರೆ 313 ಮತ್ತು 343. ಅಂದರೆ ಅಷ್ಟೇ ಲೀಟರ್ ಗಾಳಿಯಲ್ಲಿ ತೂಕ ಶೇಕಡಾ ಒಂಬತ್ತರಷ್ಟು ಖೋತಾ. ಎಂಜಿನ್ ಶಕ್ತಿ ಪೂರ್ತಿ ಅಷ್ಟೇ ಕುಸಿಯುವುದಿಲ್ಲ, ಇದನ್ನೂ ಹೇಳಬೇಕು. ತಣ್ಣಗಿನ ಗಾಳಿ ಕೂಡ ಒಳಗಿನ ಬಿಸಿ ಗೋಡೆಗಳಿಗೆ ತಗಲಿ ಕಾಯುತ್ತದೆ, ಮೊದಲೇ ಕಾದದ್ದು ಅಷ್ಟು ಕಾಯುವುದಿಲ್ಲ. ಹಾಗಾಗಿ ಎಂಜಿನಿಯರುಗಳು ಉಷ್ಣತೆಯ ವರ್ಗಮೂಲ ಹಿಡಿದು ಲೆಕ್ಕ ಹಾಕುತ್ತಾರೆ. ಅದರ ಪ್ರಕಾರ ನಷ್ಟ ಶೇಕಡಾ ನಾಲ್ಕೂವರೆ. ಮೇಲಿಂದ, ಬಿಸಿ ಗಾಳಿಗೆ ಎಂಜಿನ್ ನಾಕ್ ಹೊಡೆಯುವ, ಅಂದರೆ ಪೆಟ್ರೋಲ್ ತಾನಾಗಿಯೇ ಹೊತ್ತಿಕೊಂಡು ಬಡಿಯುವ, ಭಯ ಜಾಸ್ತಿ. ಅದಕ್ಕೆ ಕಂಪ್ಯೂಟರ್ ಕಿಡಿಯನ್ನು ತಡ ಮಾಡುತ್ತದೆ. ಅಲ್ಲಿ ಇನ್ನಷ್ಟು ಶಕ್ತಿ ಹೋಯಿತು. ಎರಡು ಪರ್ಸೆಂಟ್ ಆಸೆಗೆ ಬಿದ್ದು ಐದು ಕಳೆದುಕೊಂಡ ಹಾಗೆ. 'ಬೆಳಗಿನ ಜಾವ ಗಾಡಿ ಭಾಳ ಚಲೋ ಎಳೀತೈತಿ' ಅಂತ ಹಳೆಯ ಡ್ರೈವರುಗಳು ಹೇಳುತ್ತಾರಲ್ಲ, ಅದು ಸುಮ್ನೆ ಮಾತಲ್ಲ, ಅಪ್ಪಟ ಭೌತವಿಜ್ಞಾನ.

ನಿಮ್ಮದೇ ಕಾರಿನ ಬಾನೆಟ್ ಎತ್ತಿ ನೋಡಿ. ಫಿಲ್ಟರ್ ಡಬ್ಬಿಯಿಂದ ಒಂದು ಪ್ಲಾಸ್ಟಿಕ್ ಸೊಂಡಿಲು ಮುಂದಕ್ಕೆ ಹೋಗಿರುತ್ತದೆ. ಅದರ ಬಾಯಿ ಹೆಚ್ಚಾಗಿ ಗ್ರಿಲ್ ಹಿಂದೆ, ಹೆಡ್‌ಲೈಟ್ ಪಕ್ಕದಲ್ಲಿ, ರೇಡಿಯೇಟರಿಗಿಂತ ಮುಂದೆ ಇರುತ್ತದೆ. ಅಂದರೆ ಕಾಯುವ ಮೊದಲೇ ಗಾಳಿಯನ್ನು ಹಿಡಿಯುವ ಜಾಗ. ದುಡ್ಡು ಕೊಟ್ಟು ಹಾಕಿಸಿಕೊಳ್ಳುವ 'ಕೋಲ್ಡ್ ಏರ್ ಇಂಟೇಕ್' ನಿಮ್ಮ ಗಾಡಿಯಲ್ಲಿ ಕಂಪನಿಯಿಂದಲೇ ಬಂದಿದೆ ಅಲ್ವಾ? ಅದನ್ನು ಕಿತ್ತು, ಎಂಜಿನ್ ಪಕ್ಕದಲ್ಲೇ ಬೋಳಾಗಿ ಕೋನ್ ಕೂರಿಸುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಆ ಸೊಂಡಿಲಿಗೆ ಅಂಟಿಕೊಂಡು ಇನ್ನೊಂದು ಖಾಲಿ ಡಬ್ಬಿ ಇರುತ್ತದೆ. ಅದಕ್ಕೆ ಒಂದೇ ಬಾಯಿ, ಹೊರಗೆ ದಾರಿ ಇಲ್ಲ. 'ಇದು ವೇಸ್ಟ್' ಅಂತ ಮೊದಲು ಕತ್ತರಿಸುವುದೇ ಅದನ್ನು. ಅದು ರೆಸೊನೇಟರ್. 19ನೇ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಇಂಥದೇ ಟೊಳ್ಳು ಗೋಳಗಳನ್ನು ಕಿವಿಗೆ ಹಿಡಿದು ಸಂಗೀತದ ಸ್ವರಗಳನ್ನು ಬಿಡಿಬಿಡಿಯಾಗಿ ಕೇಳಿದ. ಬಾಯಿಯ ಅಗಲ, ಕುತ್ತಿಗೆಯ ಉದ್ದ, ಹೊಟ್ಟೆಯ ಗಾತ್ರ ಸೇರಿ ಅದು ಯಾವ ಸ್ವರಕ್ಕೆ ಓಗೊಡಬೇಕು ಅಂತ ತೀರ್ಮಾನ ಆಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 100 ಸಲ ಗಾಳಿ ಎಳೆಯುತ್ತದೆ. ಅದು 100 ಹರ್ಟ್ಸ್‌ನ ಗುಂಯ್‌ಗುಡುವ ಸದ್ದು. ಇಂಥ ಸದ್ದಿನಲ್ಲಿ ಕಿವಿಗೆ ಕಿರಿಕಿರಿ ಆಗುವ ಸ್ವರವನ್ನು ರೆಸೊನೇಟರ್ ನುಂಗುತ್ತದೆ. ಕಿತ್ತರೆ ಸದ್ದು ಬರುತ್ತದೆ. ಸದ್ದು ಬಂದರೆ ವೇಗ ಬಂತು ಅಂತ ಮನಸ್ಸು ನಂಬುತ್ತದೆ.

ಗಾಳಿಯ ಕೊಳವೆಯಲ್ಲಿ ಸದ್ದು ಬರೀ ಸದ್ದಲ್ಲ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಸದ್ದು ಎದುರು ಗೋಡೆಗೆ ಹೋಗಿ ಬರಲು 76 ಮೀಟರ್, ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ತುಸು ಜಾಸ್ತಿ ಹೊತ್ತು. ಗೋಡೆಗೆ ಬಡಿದ ಒತ್ತಡ ಒತ್ತಡವಾಗಿಯೇ ಮರಳುತ್ತದೆ. ಎಂಜಿನ್ ಕೊಳವೆಯ ತೆರೆದ ಬಾಯಿಯಲ್ಲಿ ಆಗುವುದು ಇದರ ಉಲ್ಟಾ. ಪಿಸ್ಟನ್ ಎಳೆದಾಗ ಸೆಳೆತದ ಅಲೆಯೊಂದು ಕೊಳವೆಯಲ್ಲಿ ಹೊರಗೆ ಓಡುತ್ತದೆ. ತೆರೆದ ಬಾಯಿ ತಲುಪಿ, ಒತ್ತಡದ ಅಲೆಯಾಗಿ ತಿರುಗಿ ಬರುತ್ತದೆ. ಕೊಳವೆ ಮುಕ್ಕಾಲು ಮೀಟರ್ ಇದ್ದರೆ ಹೋಗಿ ಬರಲು ಸೆಕೆಂಡಿನ ಸಾವಿರ ಭಾಗಗಳಲ್ಲಿ ನಾಲ್ಕು ಸಾಕು. 3,000 ಆರ್‌ಪಿಎಂನಲ್ಲಿ ಪಿಸ್ಟನ್ ಮೇಲಿಂದ ಕೆಳಗೆ ಬರಲು ಹಿಡಿಯುವುದು ಸಾವಿರ ಭಾಗಗಳಲ್ಲಿ ಹತ್ತು. ನಡುದಾರಿಯಲ್ಲಿ ಹುಟ್ಟಿದ ಅಲೆ, ವಾಲ್ವ್ ಮುಚ್ಚುವ ಮೊದಲೇ ಮರಳಿ ಬಂದು, ಇನ್ನೊಂದಿಷ್ಟು ಗಾಳಿಯನ್ನು ಒಳಗೆ ತುರುಕುತ್ತದೆ. ಎಷ್ಟು ಚಂದ ಅಲ್ವಾ! ಪಂಪ್ ಇಲ್ಲ, ಬೆಲ್ಟ್ ಇಲ್ಲ, ಬರೀ ಉದ್ದದ ಲೆಕ್ಕ. ಕ್ರೈಸ್ಲರ್ ಕಂಪನಿ 1960ರ 300ಎಫ್ ಕಾರಿಗೆ ಇದಕ್ಕೆಂದೇ 30 ಇಂಚು ಉದ್ದದ ಕೊಳವೆಗಳನ್ನು ಎಂಜಿನ್ ಮೇಲೆ ಅಡ್ಡಡ್ಡ ಹಾಕಿತ್ತು. ಈ ಆಟ ಜೋರಾಗಿ ನಡೆಯುವುದು ಥ್ರಾಟಲ್ ದಾಟಿದ ಮೇಲಿನ ಕೊಳವೆಗಳಲ್ಲಿ. ಅಲ್ಲಿಗೆ ಗ್ಯಾರೇಜಿನವರ ಕೈ ಹೋಗುವುದಿಲ್ಲ. ಫಿಲ್ಟರ್ ಕಡೆಯ ಕೊಳವೆಯಲ್ಲಿ ಅಲೆ ಇದ್ದರೂ ಸಣ್ಣದು.

ಇನ್ನು ಧೂಳು. ಬಾದಾಮಿಯ ಕೆಂಪು ಬಂಡೆ ಮರಳುಗಲ್ಲು, ಅದರ ಕಣ ಸ್ಫಟಿಕಶಿಲೆ, ಸಾಮಾನ್ಯ ಉಕ್ಕನ್ನೂ ಗೀರುವಷ್ಟು ಗಟ್ಟಿ. ಬಾಗಲಕೋಟೆ ಕಡೆಯ ಹಳ್ಳಿ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಹೋದವರಿಗೆ ಆ ಧೂಳು ಗೊತ್ತು. ಕಣ್ಣಿಗೆ ಕಾಣುವ ಮರಳಿಗಿಂತ ಹತ್ತಿಪ್ಪತ್ತು ಮೈಕ್ರಾನಿನ ಪುಡಿ ಅಪಾಯಕಾರಿ, ಅದು ಪಿಸ್ಟನ್ನಿನ ರಿಂಗ್ ಮತ್ತು ಸಿಲಿಂಡರ್ ಗೋಡೆಯ ನಡುವಿನ ಎಣ್ಣೆ ಪದರದೊಳಗೆ ನುಸುಳಿ ಉಜ್ಜುತ್ತದೆ. ಅದನ್ನು ತಡೆಯುವುದರಲ್ಲಿ ಮಡಿಕೆ ಮಡಿಕೆಯ ಕಾಗದದ ಫಿಲ್ಟರ್ ಬಹಳ ನಿಸ್ಸೀಮ. ಎಣ್ಣೆ ಸವರಿದ ಹತ್ತಿಯ ಫಿಲ್ಟರ್ ಹಾಕಿದವರು ಇನ್ನೊಂದು ತಾಪತ್ರಯ ನೋಡಬೇಕು. ಗಾಳಿ ಅಳೆಯುವ ಬಿಸಿತಂತಿಯ ಸೆನ್ಸರ್ ಇರುವ ಗಾಡಿಯಲ್ಲಿ ಎಣ್ಣೆ ಜಾಸ್ತಿ ಆದರೆ ಅದು ತಂತಿಗೆ ಅಂಟಿ, ಅಳತೆಯೇ ತಪ್ಪುತ್ತದೆ. ಅನುಮಾನ ಇದ್ದರೆ ಫಿಲ್ಟರ್ ದಾಟಿದ ಮೇಲಿನ ಕೊಳವೆ ಬಿಚ್ಚಿ, ಒಳಗೆ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕೆಂಪು ಪುಡಿ ಹತ್ತಿದರೆ ಅದು ಎಂಜಿನ್‌ಗೂ ಹೋಗಿದೆ.

ಮಳೆಗಾಲದ ಮಾತೂ ಒಂದಿದೆ. ಕೆಲವು ಕಿಟ್‌ಗಳು ತಣ್ಣನೆ ಗಾಳಿ ಬೇಕು ಅಂತ ಫಿಲ್ಟರನ್ನು ಬಂಪರ್ ಕೆಳಗೆ ಇಳಿಸುತ್ತವೆ. ಆಗಸ್ಟ್ 2019ರ ನೆರೆ ಕಂಡ ನಮ್ಮ ಜಿಲ್ಲೆಗಳಲ್ಲಿ ಇದು ಒಳ್ಳೆಯ ಜಾಗ ಅಲ್ಲ. ನೀರನ್ನು ಗಾಳಿಯ ಹಾಗೆ ಒತ್ತಿ ಸಣ್ಣದು ಮಾಡಲು ಆಗುವುದಿಲ್ಲ. ಸಿಲಿಂಡರಿಗೆ ನೀರು ಹೊಕ್ಕರೆ ಪಿಸ್ಟನ್ ಅರ್ಧಕ್ಕೇ ನಿಂತು, ಅದನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಳ್ಳದಲ್ಲಿ ಗಾಡಿ ನಿಂತರೆ ಮತ್ತೆ ಸ್ಟಾರ್ಟ್ ಹೊಡೆಯಬೇಡಿ, ಎಳೆಸಿಕೊಂಡು ಹೋಗಿ.

ಇಷ್ಟಾದರೂ ಕೈ ಹಚ್ಚಲೇಬೇಕು ಅನ್ನುವವರು ಮೊದಲು ಹೊಸ ಕಾಗದದ ಫಿಲ್ಟರ್ ಹಾಕಿ, ಸೊಂಡಿಲು ಬಿರುಕು ಬಿಟ್ಟಿದೆಯಾ ನೋಡಿ, ಡಬ್ಬಿಯ ಕ್ಲಿಪ್ ಬಿಗಿ ಇದೆಯಾ ನೋಡಿ. ಕೋನ್ ಬೇಕೇ ಬೇಕು ಅಂದರೆ ಅದನ್ನು ನಾಲ್ಕೂ ಕಡೆ ಮುಚ್ಚಿದ ಡಬ್ಬಿಯೊಳಗೆ ಇಟ್ಟು, ಗ್ರಿಲ್ ಹಿಂದಿನಿಂದ ಗಾಳಿ ತನ್ನಿ. ಗಾಳಿಯನ್ನು ಒತ್ತಿ ತುರುಕುವ ಟರ್ಬೊ ಇರುವ ಗಾಡಿಗಳಲ್ಲಿ ಒತ್ತಡವನ್ನು ಕಂಪ್ಯೂಟರೇ ಹಿಡಿದಿಡುತ್ತದೆ, ಅಲ್ಲಿ ಬರೀ ಫಿಲ್ಟರ್ ಬದಲಿಸಿದರೆ ಗೊತ್ತಾಗುವಂಥದ್ದು ಕಡಿಮೆ. ಬದಲಿಸುವ ಮೊದಲು ಒಂದು ಸಲ, ಬದಲಿಸಿದ ಮೇಲೆ ಒಂದು ಸಲ ಅದೇ ರಸ್ತೆ, ಅದೇ ಹೊತ್ತು, ಅದೇ ಗೇರ್‌ನಲ್ಲಿ ಪೂರ್ತಿ ತುಳಿದು, ಎರಡೂ ಅಂಕಿ ಬರೆಸಿಕೊಳ್ಳಿ: ಮ್ಯಾನಿಫೋಲ್ಡ್ ಒತ್ತಡ ಮತ್ತು ಒಳಬರುವ ಗಾಳಿಯ ಉಷ್ಣತೆ. ಒತ್ತಡ ಒಂದು ಕಿಲೋಪ್ಯಾಸ್ಕಲ್ ಏರಿ, ಉಷ್ಣತೆ ಹತ್ತು ಡಿಗ್ರಿ ಏರಿದ್ದರೆ, ಹಳೆಯ ಡಬ್ಬಿಯನ್ನೇ ತಿರುಗಿ ಕೂರಿಸಿ.